ಟೈರಿನ ಮೇಲಿನ ಶೇಡಿ ಗೆರೆ

ಆ ವರ್ಷ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮರ್ಯಾದೆ ಸಿಕ್ಕಿದ್ದು ಎರಡು ಹೊಸ ಟೈರುಗಳಿಗೆ. ಟೈರು ಬೇಕೆಂದರೆ ಅಂಗಡಿಗೆ ಹೋಗಿ ತರುವ ಕಾಲವಲ್ಲ ಅದು. ಶಿವಮೊಗ್ಗದ ಅಂಗಡಿಯವರಿಗೆ ಹೇಳಿಟ್ಟು, ಅತ್ತ ಹೋಗುವವರೆಲ್ಲರ ಹತ್ತಿರ ಜ್ಞಾಪಿಸಿ, ಮಳೆಗಾಲವೊಂದು ಕಳೆದು ಇನ್ನೊಂದು ಬರುವ ಹೊತ್ತಿಗೆ ಅಂತೂ ಬಂದವು. ಬೆಲೆಯೂ ಹಾಗೇ ಇತ್ತು. ಒಂದು ಟೈರಿನ ದುಡ್ಡಿಗೆ ಮನೆಗೆ ಎರಡು ತಿಂಗಳ ದಿನಸಿ ಬರುತ್ತಿತ್ತು. ಇವರು ಅವನ್ನು ಹೊಸ ಗೋಣಿಯಲ್ಲಿ ಸುತ್ತಿ, ಮಂಚದ ಕೆಳಗೆ, ಸೀಮೆಎಣ್ಣೆ ಡಬ್ಬಿ ತಾಗದಷ್ಟು ದೂರದಲ್ಲಿ ಇಟ್ಟರು. ಅತ್ತೆ ಬಗ್ಗಿ ನೋಡಿ ನನಗೆ ಹೇಳಿದರು, "ಗೋಣಿ ಹೊದಿಸಿದ ಚಂದ ನೋಡು ಮಾರಾಯ್ತಿ. ಮದುವೆ ಆಗಿ ಬಂದಾಗ ನಿಂಗೆ ಇಷ್ಟು ಪ್ರೀತಿಯಲ್ಲಿ ಕಂಬಳಿ ಹೊದಿಸಿದ್ನಾ?"

ನಾವಿದ್ದದ್ದು ಕಾರ್ಗಲ್ಲಿನ ಕ್ವಾರ್ಟರ್ಸಿನಲ್ಲಿ. ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ವರ್ಷಗಳು. ಇವರು ವರ್ಕ್‌ಶಾಪಿನ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಅಲ್ಲಿ ಲಾರಿ ಟೈರುಗಳು ಆಳೆತ್ತರಕ್ಕೆ ಪೇರಿಸಿರುತ್ತಿದ್ದವು. ನಮ್ಮ ಕಾರಿನ ಅಳತೆಯದು ಒಂದೂ ಇರಲಿಲ್ಲ. ಇದ್ದಿದ್ದರೂ ಇವರು ಅಲ್ಲಿಂದ ಒಂದು ಮೊಳೆ ಮುಟ್ಟುವವರಲ್ಲ. ಕಾರೇನು ದೊಡ್ಡದಲ್ಲ. ವರ್ಗವಾಗಿ ಹೋದ ಇಂಜಿನಿಯರೊಬ್ಬರು ಬಿಟ್ಟುಹೋದ ಹಳೆಯ ಗಾಡಿ. ಹಿಂದಿನ ಎಡ ಬಾಗಿಲಿಗೆ ಒಳಗಿನಿಂದ ಹಿಡಿ ಇರಲಿಲ್ಲ, ಹೊರಗೆ ಕೈ ಹಾಕಿ ತೆಗೆಯಬೇಕು. ಆದರೂ ಕಾಲೊನಿಯಲ್ಲಿ ಸ್ವಂತ ಕಾರು ಇದ್ದವರು ಬೆರಳೆಣಿಕೆ. ಆ ಬೆರಳೆಣಿಕೆಯವರೆಲ್ಲ ಸೇರಿ ಭಾನುವಾರ ಏನು ಮಾಡುತ್ತಿದ್ದರು ಎಂಬುದೇ ನನ್ನ ಈ ನೆನಪಿನ ಮೂಲ.

ಕಾಲೊನಿಯ ಕೆಳಗೆ, ಮೊದಲು ಲಾರಿಗಳು ನಿಲ್ಲುತ್ತಿದ್ದ ಒಂದು ಸಮತಟ್ಟು ಮೈದಾನವಿತ್ತು. ಕೆಂಪು ಜಂಬಿಟ್ಟಿಗೆ ಮಣ್ಣು. ಮಳೆ ನಿಂತು ನೆಲ ಒಣಗಿದ ಮೇಲೆ ಅಲ್ಲಿ ಖಾಲಿ ಟಾರು ಡ್ರಮ್ಮುಗಳನ್ನು ಅಲ್ಲೊಂದು ಇಲ್ಲೊಂದು ನಿಲ್ಲಿಸುತ್ತಿದ್ದರು. ಒಬ್ಬೊಬ್ಬರಾಗಿ ಕಾರು ತಂದು ಆ ಡ್ರಮ್ಮುಗಳ ನಡುವೆ ತಿರುಗಿ, ಸುತ್ತಿ, ಹೊರಟ ಜಾಗಕ್ಕೇ ಬಂದು ನಿಲ್ಲಬೇಕು. ಒಬ್ಬರ ಕೈಯಲ್ಲಿ ವಾಚು. ಯಾರು ಬೇಗ ಬಂದರೋ ಅವರು ಗೆದ್ದಂತೆ. ಡ್ರಮ್ಮು ಬಿದ್ದರೆ ದಂಡ, ಅಂದರೆ ಆ ಮನುಷ್ಯನ ಸಮಯಕ್ಕೆ ಇನ್ನಷ್ಟು ಸೇರಿಸುತ್ತಿದ್ದರು. ಗೆದ್ದವರಿಗೆ ಸೋತವರು ಕಾಫಿ, ಬೋಂಡ ಕೊಡಿಸಬೇಕು. ಅಷ್ಟೇ ಬಹುಮಾನ. ನಾವು ಹೆಂಗಸರು ದಿಣ್ಣೆಯ ಮೇಲೆ ಚಾಪೆ ಹಾಸಿಕೊಂಡು ಕೂತು, ಹೆಣಿಗೆ ಹಿಡಿದುಕೊಂಡೇ ನೋಡುತ್ತಿದ್ದೆವು. ಅತ್ತೆ ಮಾತ್ರ ಹೆಣಿಗೆ ತರುತ್ತಿರಲಿಲ್ಲ. ಮಗನ ಕಾರು ತಿರುಗಿದ ಕಡೆಗೆಲ್ಲ ಅವರ ಮೈಯೂ ವಾಲುತ್ತಿತ್ತು.

ಈ ಆಟದಲ್ಲಿ ಖರ್ಚು ಅಂದರೆ ಪೆಟ್ರೋಲಿನದಲ್ಲ, ಟೈರಿನದು. ಆ ನೆಲ ಕಾಯಿ ತುರಿಯುವ ಈಳಿಗೆಮಣೆಯ ಹಾಗೆ. ಕಾರು ಜೋರಾಗಿ ತಿರುಗಿದಾಗ ಕಿವಿಗೊಟ್ಟರೆ ರಬ್ಬರು ತುರಿಯುವ ಸದ್ದು ಕೇಳುತ್ತಿತ್ತು. ಮರಳಿನ ಕಂಟ್ರಾಕ್ಟರೊಬ್ಬರಿದ್ದರು. ಅವರಿಗೆ ಚಿಂತೆಯಿಲ್ಲ, ಟೈರು ಸವೆದರೆ ಎಲ್ಲಿಂದಲೋ ಇನ್ನೊಂದು ತರಿಸುತ್ತಿದ್ದರು. ಕಾಲೊನಿ ಆಸ್ಪತ್ರೆಯ ಡಾಕ್ಟರು ತಮ್ಮ ಕಾರನ್ನು ಎತ್ತಿನ ಗಾಡಿಯ ಹಾಗೆ ಓಡಿಸುತ್ತಿದ್ದರು, ಹಾಗಾಗಿ ಅವರ ಟೈರೂ ಸವೆಯುತ್ತಿರಲಿಲ್ಲ. ನಡುವೆ ಸಿಕ್ಕಿದವರು ನಮ್ಮವರು. ಗೆಲ್ಲುವ ಆಸೆ ಕಂಟ್ರಾಕ್ಟರದು, ಸಂಬಳ ಸ್ಟೋರ್ಸಿನದು.

ನಾನು ಆಗ ಬಸುರಿ. ಎರಡನೆಯ ಸಲ. ಮೊದಲನೆಯದು ಹಿಂದಿನ ವರ್ಷ ತವರಿಗೆ ಬಸ್ಸಿನಲ್ಲಿ ಹೋಗಿ ಬಂದ ಮೇಲೆ ಕೈತಪ್ಪಿತ್ತು. ಬಸ್ಸಿನಿಂದಲೇ ಹಾಗಾಯಿತು ಎಂದು ಹೇಳಲಾಗದು ಅಂತ ಡಾಕ್ಟರು ಎಷ್ಟು ಹೇಳಿದರೂ ಅತ್ತೆ ಒಪ್ಪಲಿಲ್ಲ. "ಈ ಸಲ ಇವಳು ಬಸ್ಸು ಹತ್ತುವುದಿಲ್ಲ. ಹೆರಿಗೆಗೆ ತೀರ್ಥಹಳ್ಳಿಯ ತವರಿಗೆ ನಮ್ಮ ಕಾರಲ್ಲೇ ಹೋಗ್ತಾಳೆ, ನಾನೇ ಕೂತು ಕರ್ಕೊಂಡು ಹೋಗ್ತೀನಿ" ಎಂದು ತೀರ್ಮಾನ ಮಾಡಿಬಿಟ್ಟರು. ಎರಡು ಹೊಸ ಟೈರು ತೆಗೆದಿಟ್ಟದ್ದು ನಿಜವಾಗಿ ಆ ಪ್ರಯಾಣಕ್ಕೇ. ಹಿಂದಿನ ಎರಡು ಪರವಾಗಿಲ್ಲ ಅನ್ನುವಂಥವು. ಸ್ಟೆಪ್ನಿ ಮಾತ್ರ ಬೋಳು ಬೋಳು, ಒಂದು ಕಡೆ ಒಳಗಿನ ನೂಲೂ ಕಾಣುತ್ತಿತ್ತು. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ಕಾಡಿನ ನಡುವೆ ಟೈರು ಹೋದರೆ ಆ ಸ್ಟೆಪ್ನಿ ನಂಬಿ ಮುಂದೆ ಹೋಗುವ ಹಾಗಿರಲಿಲ್ಲ.

ಆಯುಧಪೂಜೆಗೆ ಹೊಸ ಟೈರುಗಳು ಗೋಣಿಯಿಂದ ಹೊರಬಂದು ಮುಂದಿನ ಚಕ್ರಕ್ಕೆ ಏರಿದವು. ಅತ್ತೆ ಎಲ್ಲರ ಹಾಗೆ ಅರಿಶಿನ ಕುಂಕುಮ ಹಚ್ಚಿ ಸುಮ್ಮನಾಗಲಿಲ್ಲ. ನಮ್ಮ ಕಡೆ ಗೋಡೆಗೆ ಚಿತ್ತಾರ ಬರೆಯುವ ಬಿಳಿ ಮಣ್ಣು ಶೇಡಿ. ಅದನ್ನು ಗರಟೆಯಲ್ಲಿ ಕಲಸಿ, ನಾರಿನ ಕುಂಚದಿಂದ ನಾಲ್ಕೂ ಟೈರಿನ ಮಗ್ಗುಲಿಗೆ, ನೆಲಕ್ಕೆ ತಾಗುವ ಅಂಚಿನಿಂದ ಶುರುಮಾಡಿ, ಒಳಗಿನ ತನಕ ಸಾಲಾಗಿ ಗೆರೆ ಎಳೆದರು. ಕಾರು ಗೌರಿಹಬ್ಬಕ್ಕೆ ಬಳೆ ಹಾಕಿಕೊಂಡ ಹಾಗೆ ಕಾಣುತ್ತಿತ್ತು. ಇವರಿಗೆ ನಾಚಿಕೆ. "ಮೈದಾನದಲ್ಲಿ ನಗ್ತಾರೆ ಅಮ್ಮ" ಅಂದರು. "ನಗಲಿ ಬಿಡು. ಗೆದ್ರೆ ನಾಳೆ ಅವರೂ ಬರೆಸ್ಕೊಳ್ತಾರೆ."

ಆ ವಾರದ ಭಾನುವಾರ ಇವರು ಗೆಲ್ಲಲಿಲ್ಲ. ಕಂಟ್ರಾಕ್ಟರು ಗೆದ್ದರು. ಕಾರು ಮನೆಗೆ ಬಂದ ಮೇಲೆ ನಾನು ತುಳಸಿಗೆ ನೀರು ಹಾಕಿ ಹಿಂತಿರುಗುವಾಗ ಕಣ್ಣು ಗೆರೆಗಳ ಮೇಲೆ ಬಿತ್ತು. ಹಿಂದಿನ ಟೈರುಗಳಲ್ಲಿ ಗೆರೆ ಬರೆದ ಹಾಗೇ ಇವೆ. ಮುಂದಿನ ಬಲಗಡೆಯದರಲ್ಲಿ ಅಂಚಿಗೆ ಸ್ವಲ್ಪ ಮಾಸಿದೆ. ಎಡಗಡೆಯದರಲ್ಲಿ ಅಂಚಿನಿಂದ ನಾಲ್ಕು ಬೆರಳು ಒಳಗಿನ ತನಕ ಗೆರೆಯೇ ಇಲ್ಲ. ಒರೆಸಿ ತೆಗೆದ ಹಾಗೆ. ನಾನು ಕೈಯಿಂದ ಮುಟ್ಟಿ ನೋಡಿದೆ. ಹೊರಗಿನ ಅಂಚು ಮೆತ್ತಗೆ, ತರಿತರಿಯಾಗಿತ್ತು, ಬೆರಳಿಗೆ ಕಪ್ಪು ಪುಡಿ ಹತ್ತಿತು. ಒಳಗಿನ ಅಂಚಿನಲ್ಲಿ ಹೊಸ ಟೈರಿನ ಸಣ್ಣ ರಬ್ಬರು ಕೂದಲುಗಳು ಇನ್ನೂ ನಿಂತಿದ್ದವು.

ನೆಲಕ್ಕೆ ತಾಗದ ಮಗ್ಗುಲಲ್ಲಿ ಗೆರೆ ಹೇಗೆ ಅಳಿಸಿತು ಎಂದು ನನಗೆ ಅರ್ಥವಾಗಲಿಲ್ಲ. ಊಟಕ್ಕೆ ಬಡಿಸುವಾಗ ಕೇಳಿದೆ.

"ಕಾರು ತಿರುಗುವಾಗ ಟೈರು ಮಗ್ಗುಲಲ್ಲಿ ನಡೀತದಾ?"

"ಎಂತ ಹೇಳ್ತೀ?"

"ಚಪ್ಪಲಿ ಸಡಿಲ ಆದ್ರೆ ಕಾಲು ಹೊರಗೆ ಜಾರಿ ಪಟ್ಟಿ ಮೇಲೆ ನಡೆಯುವುದಿಲ್ವಾ, ಹಾಗೆ."

"ನೀನು ಓದಿದ ಕಾನ್ವೆಂಟಲ್ಲಿ ಟೈರಿನ ಪಾಠನೂ ಇತ್ತಾ?" ಎಂದು ನಕ್ಕರು. ನಗುತ್ತ ಇನ್ನೊಂದು ತುತ್ತು ಬಾಯಿಗಿಟ್ಟವರು ಅಲ್ಲೇ ನಿಲ್ಲಿಸಿ, ಎಂಜಲು ಕೈಯಲ್ಲೇ ಎದ್ದು ಹೊರಗೆ ಹೋದರು. ಅತ್ತೆ, "ಅನ್ನ ಬಿಟ್ಟು ಎದ್ನಲ್ಲ, ಎಂತ ಹೇಳಿದೆ ನೀನು?" ಅಂದರು.

ತಪ್ಪು ಎಲ್ಲಿತ್ತೆಂದರೆ ಗಾಳಿಯಲ್ಲಿ. ಮಳೆಗಾಲದಲ್ಲಿ ನಮ್ಮ ಕಡೆಯ ಕೆಸರಿನಲ್ಲಿ ಗಾಡಿ ಹೂತುಕೊಳ್ಳದೆ ಹೋಗಲಿ ಎಂದು ಎಲ್ಲರೂ ಟೈರಿನ ಗಾಳಿ ಸ್ವಲ್ಪ ಬಿಡುತ್ತಿದ್ದರು. ಟೈರು ಅಗಲವಾಗಿ ಕೂತು ಕೆಸರಿನಲ್ಲಿ ಹಿಡಿತ ಸಿಗುತ್ತಿತ್ತು. ಆರು ತಿಂಗಳು ಹಾಗೆ ಓಡಿಸಿದ ಕೈ ಒಣ ನೆಲದಲ್ಲೂ ಅದನ್ನೇ ಮಾಡುತ್ತಿತ್ತು. ಮೈದಾನಕ್ಕೆ ಹೋಗುವ ಮೊದಲು ಇವರು ಬೆಂಕಿಕಡ್ಡಿಯಿಂದ ವಾಲ್ವ್ ಒತ್ತಿ ಗಾಳಿ ಬಿಡುವುದನ್ನು ನಾನೇ ಎಷ್ಟೋ ಸಲ ನೋಡಿದ್ದೆ. ಗಾಳಿ ಕಡಿಮೆಯಾದ ಟೈರು ಜೋರು ತಿರುವಿನಲ್ಲಿ ಮಡಚಿ, ಮಗ್ಗುಲ ಮೇಲೆ ಉಜ್ಜಿಕೊಂಡು ಹೋಗುತ್ತಿತ್ತು. ಮೈದಾನದಲ್ಲಿ ಬಲಕ್ಕೇ ಹೆಚ್ಚು ತಿರುವು, ಹಾಗಾಗಿ ಭಾರವೆಲ್ಲ ಎಡಗಡೆ ಮುಂದಿನದಕ್ಕೆ. ಕಾಲೊನಿಯವರೆಲ್ಲ ಮಾಡುತ್ತಿದ್ದದ್ದು ಅದೇ. ಒಬ್ಬ ಡಾಕ್ಟರು ಮಾತ್ರ ಯಾವತ್ತೂ ಗಾಳಿ ಬಿಟ್ಟವರಲ್ಲ, ಬಗ್ಗುವುದಕ್ಕೆ ಅವರಿಗೆ ಬೇಜಾರು.

ಮುಂದಿನ ವಾರ ಇವರು ಅತ್ತೆಯ ಹತ್ತಿರ ತಾವಾಗೇ ಹೋಗಿ, "ಅಮ್ಮ, ಸ್ವಲ್ಪ ಶೇಡಿ ಕಲಸಿಕೊಡು" ಅಂದರು. ಅತ್ತೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಕಾಲುಪಂಪಿನಿಂದ ಗಾಳಿ ತುಂಬಿಸಿ, ಗೆರೆ ಬರೆಸಿಕೊಂಡು ಹೋಗಿ, ಮೊದಲ ಸುತ್ತಿನಲ್ಲಿ ಕಾರು ಜಾರಿ ಒಂದು ಡ್ರಮ್ಮು ಬೀಳಿಸಿದರು. ಎರಡನೆಯದರಲ್ಲಿ ಕೈ ಹೊಂದಿತು. ಗೆರೆ ಒಂದು ಬೆರಳಿನಷ್ಟು ಮಾತ್ರ ಹೋಗಿತ್ತು. ಅದರ ಮುಂದಿನ ವಾರ ಕಾಫಿ ಬೋಂಡ ಕೊಡಿಸಿದ್ದು ಕಂಟ್ರಾಕ್ಟರು.

ಆದರೆ ಸವೆದದ್ದು ಸವೆದಿತ್ತು. ಎಡಗಡೆಯ ಟೈರಿನ ಹೊರ ಅಂಚು ಅರ್ಧಕ್ಕರ್ಧ ನುಣ್ಣಗಾಗಿತ್ತು, ಒಳ ಅಂಚು ಇನ್ನೂ ಮದುಮಗನ ಹಾಗಿತ್ತು. ಇವರು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದರು. ಸಾಗರಕ್ಕೆ ಕೊಟ್ಟು, ಮೇಲೆ ಹೊಸ ರಬ್ಬರು ಕೂರಿಸಿ ರೀಸೋಲ್ ಮಾಡಿಸೋಣವೆಂದರೆ ಅಂಥ ಟೈರನ್ನು ನಂಬಿ ಬಸುರಿಯನ್ನು ಕೂರಿಸುವ ಧೈರ್ಯ ಅವರಿಗಿಲ್ಲ. ಬೇರೆ ಕೊಳ್ಳೋಣವೆಂದರೆ ಟೈರೂ ಇಲ್ಲ, ದುಡ್ಡೂ ಇಲ್ಲ.

ನನಗೆ ಹಾಸ್ಟೆಲ್ಲಿನ ಹಾಸಿಗೆ ಬಟ್ಟೆಗಳು ನೆನಪಾದವು. ಕಾನ್ವೆಂಟಿನ ಸಿಸ್ಟರುಗಳು ಯಾವುದನ್ನೂ ಎಸೆಯುತ್ತಿರಲಿಲ್ಲ. ಮಲಗಿ ಮಲಗಿ ಬೆಡ್‌ಶೀಟು ನಡುವೆ ತೆಳ್ಳಗಾದರೆ, ಅದನ್ನು ಉದ್ದಕ್ಕೆ ಎರಡಾಗಿ ಕತ್ತರಿಸಿ, ಗಟ್ಟಿ ಇದ್ದ ಅಂಚುಗಳನ್ನು ನಡುವೆ ತಂದು ಹೊಲಿಸುತ್ತಿದ್ದರು. ತೆಳ್ಳಗಿನದು ಅಂಚಿಗೆ ಹೋಗುತ್ತಿತ್ತು. ಬೆನ್ನಿಗೆ ಹೊಲಿಗೆ ಒತ್ತುತ್ತಿತ್ತು ನಿಜ, ಆದರೆ ಶೀಟು ಇನ್ನೆರಡು ವರ್ಷ ಬಾಳುತ್ತಿತ್ತು. ನಾನೇ ಎಷ್ಟೋ ಶನಿವಾರಗಳನ್ನು ಆ ಹೊಲಿಗೆಯಲ್ಲಿ ಕಳೆದಿದ್ದೇನೆ.

"ಅದನ್ನು ಬಿಚ್ಚಿ ತಿರುಗಿಸಿ ಹಾಕಲು ಬರುವುದಿಲ್ಲವಾ? ಒಳಗಿನದು ಹೊರಗೆ ಬರುವ ಹಾಗೆ?" ಎಂದೆ. ಬೆಡ್‌ಶೀಟಿನ ಕತೆಯನ್ನೂ ಹೇಳಿದೆ.

ಇವರು ಟೈರಿನ ಒಳ ಅಂಚನ್ನು ಬೆರಳಿಂದ ಸವರಿ ನೋಡಿದರು. "ಬರ್ತದೆ. ಯಾಕೆ ಬರಬಾರದು" ಎಂದು ತಮಗೆ ತಾವೇ ಹೇಳಿಕೊಂಡು ಜಾಕು ತಂದರು. ರಿಮ್ಮಿನಿಂದ ಟೈರು ಬಿಚ್ಚಿ ಮಗ್ಗುಲು ಬದಲಿಸಿ ಕೂರಿಸುವುದಕ್ಕೆ ಮಧ್ಯಾಹ್ನವೆಲ್ಲ ಹಿಡಿಯಿತು. ಅತ್ತೆ ಜಗುಲಿಯಲ್ಲಿ ಕೂತು, "ಹೆಂಡ್ತಿ ಮಾತು ಕೇಳಿ ಟೈರಿಗೂ ಅಂಗಿ ತಿರುಗಿಸಿ ತೊಡಿಸಿದ್ನಲ್ಲಪ್ಪ" ಎಂದು ಪಕ್ಕದ ಮನೆಗೆ ಕೇಳುವ ಹಾಗೆ ಹೇಳಿದರು.

ಅಂದು ಒಂದು ಒಪ್ಪಂದವೂ ಆಯಿತು. ಯಾರೂ ಕೇಳದೆ ಇವರೇ ಹೇಳಿದ್ದು. ಇನ್ನು ನನ್ನನ್ನು ತವರಿಗೆ ಬಿಟ್ಟು ಬರುವ ತನಕ ಈ ಟೈರುಗಳು ಮೈದಾನಕ್ಕೆ ಇಳಿಯುವುದಿಲ್ಲ.

ಸುಮಾರು ದಿನ ಹಾಗೇ ನಡೆಯಿತು. ಸಂಕ್ರಾಂತಿ ಕಳೆಯಿತು. ನಾವು ಹೊರಡುವುದು ಬುಧವಾರವೆಂದು ಅತ್ತೆ ನಿಶ್ಚಯಿಸಿದರು. ಆ ಬುಧವಾರದ ಹಿಂದಿನ ಭಾನುವಾರ ಮೈದಾನದಲ್ಲಿ ಕೊನೆಯ ಸುತ್ತು. ಆಮೇಲೆ ಅಲ್ಲಿ ಸಿಮೆಂಟಿನ ಗೋಡೌನು ಏಳುವುದಿತ್ತು. ಶನಿವಾರ ಸಂಜೆ ಕಂಟ್ರಾಕ್ಟರು ನಮ್ಮ ಬೇಲಿಯ ಹತ್ತಿರ ನಿಂತು, "ಏನ್ರೀ, ಶೇಡಿ ಮುಗಿದು ಹೋಯ್ತಾ? ಬರುವುದೇ ಬಿಟ್ರಲ್ಲ" ಎಂದರು. ಅತ್ತೆ ಒಳಗಿಂದಲೇ, "ಶೇಡಿ ಇದೆ ಸ್ವಾಮಿ. ನಿಮಗೆ ಬೇಕಿದ್ರೆ ಗರಟೆ ತನ್ನಿ" ಅಂದರು. ಅವರು ನಗುತ್ತ ಹೋದರು. ಇವರು ನಗಲಿಲ್ಲ.

ಭಾನುವಾರ ಬೆಳಗ್ಗೆ ನಾನು ಅಡಿಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದೆ. ಅಂಗಳದಿಂದ ಕಾಲುಪಂಪಿನ ಸದ್ದು ಬಂತು. ಬುಧವಾರಕ್ಕೆ ಭಾನುವಾರವೇ ಯಾರೂ ಗಾಳಿ ತುಂಬುವುದಿಲ್ಲ. ಕಾವಲಿ ಇಳಿಸಿ ಬಾಗಿಲಿಗೆ ಬಂದೆ. ಇವರು ನನ್ನನ್ನು ನೋಡಿ ಪಂಪು ನಿಲ್ಲಿಸದೆ ಹೇಳಿದರು.

"ಒಂದೇ ಸುತ್ತು. ಜೋರು ಓಡಿಸುವುದಿಲ್ಲ."

ಜೋರು ಓಡಿಸದೆ ಗೆಲ್ಲುವುದು ಹೇಗೆ ಎಂದು ಕೇಳಲಿಲ್ಲ. ಜಗಳ ನನಗೆ ಬರುತ್ತಲೂ ಇರಲಿಲ್ಲ. ದೊಡ್ಡ ದನಿಯಲ್ಲಿ ಮಾತಾಡಿದರೆ ಹಾಸ್ಟೆಲ್ಲಿನಲ್ಲಿ ಮೊಣಕಾಲೂರಿಸುತ್ತಿದ್ದರು, ಆ ಅಭ್ಯಾಸ ಹಾಗೇ ಉಳಿದಿತ್ತು. ನಾನು ಒಳಗೆ ಹೋಗಿ ಅತ್ತೆಯ ಗರಟೆ ತಂದೆ. ಎಡಗಡೆ ಮುಂದಿನ ಟೈರಿನ ಹತ್ತಿರ ಕೂರಲು ನೋಡಿದೆ. ಹೊಟ್ಟೆ ಅಡ್ಡ ಬಂತು. ಒಂದು ಕೈ ಬಾನೆಟ್ಟಿನ ಮೇಲೆ ಊರಿ, ಮೆಲ್ಲಗೆ ಮೊಣಕಾಲೂರಿ, ಅಂಚಿನ ಪಕ್ಕದಲ್ಲೇ ಸುತ್ತಲೂ ಒಂದು ಗೆರೆ ಎಳೆದೆ. ಅತ್ತೆಯ ಗೆರೆಯ ಹಾಗೆ ನೇರ ಬರಲಿಲ್ಲ.

"ಇದು ಎಂತಕ್ಕೆ?"

"ನೀವು ಬಂದ ಮೇಲೆ ಎಷ್ಟು ಉಳಿದಿರ್ತದೋ ನೋಡುವ. ನಾನು ಹೋಗುವುದು ಅದರ ಮೇಲೇ ಅಲ್ವಾ."

ಸಿಟ್ಟಿನಿಂದ ಹೇಳಿದ ಮಾತಲ್ಲ. ನನಗೆ ನಿಜವಾಗಿ ಹೆದರಿಕೆಯಿತ್ತು, ಅದನ್ನು ಹೇಳುವ ಬೇರೆ ದಾರಿ ತೋಚಲಿಲ್ಲ. ಇವರು ಕೈಕೊಟ್ಟು ನನ್ನನ್ನು ಎಬ್ಬಿಸಿದರು. ನನ್ನ ಸೀರೆಗೆ ಹತ್ತಿದ ಕೆಂಪು ಮಣ್ಣನ್ನು ಒಮ್ಮೆ ನೋಡಿ, ಪಂಪನ್ನು ಮಡಚಿ ಡಿಕ್ಕಿಗೆ ಹಾಕಿದರು. ದೋಸೆ ತಿಂದು, ಚಪ್ಪಲಿ ಮೆಟ್ಟಿ, ಮೈದಾನಕ್ಕೆ ನಡೆದೇ ಹೋದರು. ಅಂದು ವಾಚು ಹಿಡಿದದ್ದು ಅವರೇ. ಕಂಟ್ರಾಕ್ಟರ ಕಾರಿನ ಟೈರು ಮೂರನೆಯ ತಿರುವಿನಲ್ಲಿ ಒಡೆಯಿತಂತೆ. ಕೊನೆಯ ಕಾಫಿ ಬೋಂಡ ತಿಂದವರು ಡಾಕ್ಟರು. "ಎತ್ತಿನ ಗಾಡಿ ಗೆದ್ದುಬಿಡ್ತು" ಎಂದು ಇವರು ಮನೆಗೆ ಬಂದು ಹೇಳಿ, ನಗಲು ನೋಡಿ, ಸ್ನಾನಕ್ಕೆ ಹೋದರು.

ಬುಧವಾರ ಬೆಳಗಿನ ಇಬ್ಬನಿ ಆರಿದ ಮೇಲೆ ಹೊರಟೆವು. ಅತ್ತೆ ಉಳಿದ ಮೂರು ಟೈರಿಗೂ ನನ್ನ ಗೆರೆಯ ಹಾಗೇ ಸುತ್ತುಗೆರೆ ಎಳೆದಿದ್ದರು. ನಾನು ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ, ಅತ್ತೆ ಮುಂದೆ. ತಾಳಗುಪ್ಪ ದಾಟಿ ಸಾಗರ ಮುಟ್ಟುವ ತನಕ ಇವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಸಾಗರದಲ್ಲಿ ನಿಲ್ಲಿಸಿ ಇಳಿದವರು ನಮಗೆ ಕಾಫಿ ಬೇಕಾ ಎಂದು ಕೇಳದೆ ಮೊದಲು ಎಡಗಡೆಯ ಟೈರು ನೋಡಿದರು. ಹತ್ತುವಾಗ ಮುಖ ಬೇರೆಯಾಗಿತ್ತು. ಆಗಲೇ ನನಗೆ ಗೊತ್ತಾಯಿತು. ಗೆರೆ ಅಳಿಸದ ಹಾಗೆ ತೀರ್ಥಹಳ್ಳಿ ಮುಟ್ಟಬೇಕೆಂದು ಅವರು ಪಂದ್ಯ ಕಟ್ಟಿದ್ದಾರೆ. ತಮ್ಮ ಜೊತೆಗೇ.

ತಿರುವು ಬಂದರೆ ಎಷ್ಟೋ ಮೊದಲೇ ಗೇರು ಇಳಿಸುತ್ತಿದ್ದರು. ದಾರಿಯ ಅಂಚಿನ ಜಲ್ಲಿಗೆ ಚಕ್ರ ತಾಗಿಸುತ್ತಿರಲಿಲ್ಲ. ಗುಂಡಿಗಳನ್ನು ಡ್ರಮ್ಮುಗಳ ಹಾಗೆ ಸುತ್ತಿ ಹೋಗುತ್ತಿದ್ದರು. ಇಷ್ಟು ವರ್ಷ ಆ ಕಾರಿನಲ್ಲಿ ಕೂತಿದ್ದರೂ ಅಷ್ಟು ಮೆತ್ತಗೆ ಅದು ಓಡಿದ್ದು ನನಗೆ ಗೊತ್ತಿರಲಿಲ್ಲ. ಅತ್ತೆಗೆ ನಿದ್ದೆ ಬಂತು. ಹೊಸನಗರದ ಈಚೆ ಒಂದು ಹಳ್ಳ ರಸ್ತೆಗೆ ಅಡ್ಡ ಹರಿಯುತ್ತಿತ್ತು, ಪಾದ ಮುಳುಗುವಷ್ಟು ನೀರು. ಇವರು ಕಾರು ನಿಲ್ಲಿಸಿ ಇಳಿದು ನಿಂತರು.

ಅತ್ತೆ ಎಚ್ಚರಾಗಿ, "ಎಂತದು? ಯಾಕೆ ನಿಲ್ಸಿದೆ?" ಅಂದರು.

"ಗೆರೆ ತೊಳೆದು ಹೋಗ್ತದಾ ಅಂತ."

"ಹೋದ್ರೆ ಮತ್ತೆ ಬರೆದುಕೊಡ್ತೀನಿ, ಹತ್ತು ಮಾರಾಯ. ಬಸುರಿಯನ್ನು ಬಿಸಿಲಲ್ಲಿ ಕೂರಿಸ್ಕೊಂಡು!"

"ಮತ್ತೆ ಬರೆದ್ರೆ ಲೆಕ್ಕಕ್ಕಿಲ್ಲ ಅಮ್ಮ" ಎಂದರು, ಕೋರ್ಟಿನಲ್ಲಿ ಹೇಳುವ ಹಾಗೆ. ಆಮೇಲೆ ಕಲ್ಲುಗಳು ಎದ್ದು ಕಾಣುವ ಕಡೆಯಿಂದ, ನೀರು ಚಿಮ್ಮದ ಹಾಗೆ, ನಡಿಗೆಯಷ್ಟೇ ವೇಗದಲ್ಲಿ ದಾಟಿಸಿದರು.

ಹೊಸನಗರದಲ್ಲಿ ಕಾಫಿ ಕುಡಿದು ಮುಂದೆ ಹೋದ ಮೇಲೆ ಒಂದೇ ಒಂದು ಸಲ ಹೆದರಿಕೆಯಾಯಿತು. ಕಾಡಿನ ತಿರುವಿನಲ್ಲಿ ಮರದ ನಾಟಾ ತುಂಬಿದ ಲಾರಿಯೊಂದು ಹಾರ್ನಿಲ್ಲದೆ ಎದುರು ಬಂತು. ಇವರು ಕಾರನ್ನು ಎಡಕ್ಕೆ ಒತ್ತಿದರು. ಎಡಗಡೆ ಚಕ್ರ ಜಲ್ಲಿಗೆ ಇಳಿದು, ಕಾರು ಒಮ್ಮೆ ವಾಲಿ, ಚರ್ ಎಂದು ಉಜ್ಜಿಕೊಂಡು ಹೋಗಿ ನಿಂತಿತು. ನಾನು ದಿಂಬನ್ನು ಹೊಟ್ಟೆಗೆ ಅವುಚಿಕೊಂಡಿದ್ದೆ. ಲಾರಿ ಹೋಯಿತು. ಧೂಳು ಇಳಿಯುವ ತನಕ ಮೂವರೂ ಕಿವಿಗೊಟ್ಟಿದ್ದೆವು, ಟೈರಿನಿಂದ ಗಾಳಿ ಹೋಗುವ ಸದ್ದು ಬರುತ್ತದೇನೋ ಎಂದು. ಬರಲಿಲ್ಲ. ಒಳಗಿನಿಂದ ಮಗು ಒಮ್ಮೆ ಒದೆಯಿತು.

"ಸರಿ ಇದ್ದೀಯಾ?" ಎಂದು ಇವರು ಹಿಂದೆ ತಿರುಗಿ ಕೇಳಿದರು.

"ಇದೀನಿ. ಹೋಗಿ."

ಅಲ್ಲಿ ಇಳಿದು ಟೈರು ನೋಡಲಿಲ್ಲ ಅವರು.

ತೀರ್ಥಹಳ್ಳಿಯಲ್ಲಿ ನಮ್ಮ ಮನೆಯಿದ್ದದ್ದು ಹೊಳೆಯ ಸೇತುವೆಗೆ ಈಚೆ, ಪೇಟೆ ಮುಗಿಯುವ ಕಡೆ. ಅಮ್ಮ ಕೈಕಾಲು ತೊಳೆಯಲು ತಂಬಿಗೆಯಲ್ಲಿ ನೀರು ಹಿಡಿದು ಮೆಟ್ಟಿಲಿಳಿದು ಬಂದಳು. ಹಿಡಿಯಿಲ್ಲದ ಬಾಗಿಲನ್ನು ಹೊರಗಿನಿಂದ ತೆಗೆದು ನನ್ನನ್ನು ಇಳಿಸಿಕೊಂಡಳು. ಅಳಿಯನಿಗೆ ತಂಬಿಗೆ ಕೊಡೋಣವೆಂದು ತಿರುಗಿದರೆ ಅಳಿಯ ಎಡಗಡೆ ಚಕ್ರದ ಮುಂದೆ ಮೊಣಕಾಲೂರಿ ಕೂತಿದ್ದಾರೆ.

"ಬೀಗಿತ್ತಿ, ಅಳಿಯಂದಿರು ಬಂದವರೇ ಚಕ್ರದ ಕಾಲಿಗೆ ಬಿದ್ದಿದಾರಲ್ಲ!" ಎಂದಳು ಅಮ್ಮ ಗಾಬರಿಯಿಂದ.

"ಬೀಳಲಿ ಬಿಡಿ, ಒಳ್ಳೇದೇ ಆಯ್ತು" ಎಂದರು ಅತ್ತೆ.

ಇವರು ಟೈರಿನ ಮೇಲಿನ ಕೆಂಪು ಧೂಳನ್ನು ಬಾಯಿಂದ ಮೆಲ್ಲಗೆ ಊದುತ್ತಿದ್ದರು. ಕೈಯಿಂದ ಒರೆಸಿದರೆ ಶೇಡಿಯೂ ಹೋದೀತೆಂದು. ಊದಿದ ಹಾಗೆ ನನ್ನ ಸೊಟ್ಟ ಗೆರೆ ಸ್ವಲ್ಪ ಸ್ವಲ್ಪವೇ ಕಾಣಿಸಿತು. ಸುತ್ತಲೂ ಇತ್ತು. ಒಂದು ಕಡೆ ಮಾತ್ರ ಎರಡು ಬೆರಳಿನಷ್ಟು ಇರಲಿಲ್ಲ.

"ಇಲ್ಲಿ ಹೋಗಿದೆ. ಆ ಲಾರಿ" ಎಂದರು ತಲೆ ಎತ್ತದೆ.

"ಡ್ರಮ್ಮು ಬೀಳಲಿಲ್ಲವಲ್ಲ. ದಂಡ ಇಲ್ಲ" ಎಂದೆ ನಾನು.

ಆಗ ನಕ್ಕರು, ಅಮ್ಮನ ಕೈಯಿಂದ ತಂಬಿಗೆ ತೆಗೆದುಕೊಂಡು.

ಮಗಳು ಹುಟ್ಟಿದ್ದು ಬೇಸಿಗೆಯ ಮೊದಲಲ್ಲಿ, ತುಂಬಿದ ತಿಂಗಳಲ್ಲಿ, ತೊಂದರೆಯಿಲ್ಲದೆ. ಬಾಣಂತನ ಮುಗಿದು ಇವರು ನಮ್ಮನ್ನು ಕರೆದುಕೊಂಡು ಹೋಗಲು ಬಂದರು. ಮಗುವನ್ನು ಎತ್ತಿಕೊಂಡು ನಾನು ಮೊದಲು ಹೋಗಿ ನೋಡಿದ್ದು ಎಡಗಡೆ ಮುಂದಿನ ಟೈರನ್ನು. ಹೊರ ಅಂಚಿನಲ್ಲಿ ಹಳೆಯ ನುಣುಪು ಮತ್ತೆ ಕಾಣುತ್ತಿತ್ತು. ಅಂದರೆ ಹೊರಗೆ ತಂದ ಅಂಚೂ ಸವೆದು, ಅದನ್ನು ಇನ್ನೊಮ್ಮೆ ತಿರುಗಿಸಿ ಹಾಕಿದ್ದಾರೆ. ಅಂದರೆ ಗೋಡೌನು ಎದ್ದ ಮೇಲೆ ಬೇರೆಲ್ಲೋ ಒಂದು ಮೈದಾನ ಸಿಕ್ಕಿದೆ. ಸುತ್ತಲೂ ಹೊಸ ಶೇಡಿ ಗೆರೆ ಎಳೆದಿತ್ತು, ಅತ್ತೆಯ ಕೈಯದು, ನೆಟ್ಟಗೆ.